ಕಾಣದ ಮೊಡವೆಗೆ ಹಚ್ಚುವ ಮದ್ದು

ಡಾಕ್ಟರು ಮೊಡವೆಗೆ ಅಡಾಪಲಿನ್ ಜೆಲ್ ಬರೆದುಕೊಟ್ಟರೆ ಹೆಚ್ಚಿನವರು ಮಾಡುವುದು ಇಷ್ಟೇ. ಕನ್ನಡಿ ಮುಂದೆ ನಿಂತು, ಕೆಂಪಗೆ ಊದಿರುವ ಮೊಡವೆ ಹುಡುಕಿ, ಅದರ ಮೇಲೆ ಒಂದು ಚುಕ್ಕೆ ಇಡುತ್ತಾರೆ. ನಾಲ್ಕು ದಿನ ಕಾಯುತ್ತಾರೆ. ಮೊಡವೆ ಹಾಗೇ ಇರುತ್ತದೆ, ಸುತ್ತಲಿನ ಚರ್ಮ ಮಾತ್ರ ಒಣಗಿ ಸುಲಿಯುತ್ತದೆ. ಆಮೇಲೆ ಟ್ಯೂಬು ಮೂಲೆ ಸೇರುತ್ತದೆ, ಡಾಕ್ಟರಿಗೆ ಬೈಗುಳ ಬೀಳುತ್ತದೆ.

ಅಡಾಪಲಿನ್, ಟ್ರೆಟಿನಾಯಿನ್ ಎರಡೂ ರೆಟಿನಾಯ್ಡ್ ಗುಂಪಿನವು, ಅಂದರೆ ವಿಟಮಿನ್ 'ಎ'ಯ ನೆಂಟರು. ಇವು ಮುಖ್ಯವಾಗಿ ಕೆಲಸ ಮಾಡುವುದು ಇನ್ನೂ ಹುಟ್ಟದ ಮೊಡವೆಯ ಮೇಲೆ. ಈ ಒಂದು ಮಾತು ತಲೆಗೆ ಹೋದರೆ ಎಲ್ಲಿ ಹಚ್ಚಬೇಕು, ಎಷ್ಟು ದಿನ ಕಾಯಬೇಕು ಅನ್ನೋದೆಲ್ಲ ತಾನಾಗೇ ಅರ್ಥವಾಗುತ್ತದೆ.

ಮುಖದ ಪ್ರತಿ ಸಣ್ಣ ಕೂದಲಿನ ಬುಡದಲ್ಲೂ ಒಂದು ಕಿರುಕೊಳವೆ ಇದೆ. ಅದರ ಪಕ್ಕದಲ್ಲಿ ಜಿಡ್ಡು ಸುರಿಸುವ ಗ್ರಂಥಿ. ಕೊಳವೆಯ ಒಳಗೋಡೆಯಿಂದ ಸತ್ತ ಜೀವಕೋಶಗಳು ಉದುರಿ ಜಿಡ್ಡಿನ ಜೊತೆ ಹೊರಬರುತ್ತಿರಬೇಕು. ಮೊಡವೆ ಬರುವವರಲ್ಲಿ ಈ ಕೋಶಗಳು ಜಾಸ್ತಿ ಹುಟ್ಟುತ್ತವೆ, ಸರಿಯಾಗಿ ಉದುರದೆ ಒಂದಕ್ಕೊಂದು ಅಂಟಿಕೊಂಡು ಬಿರಡೆ ಹಾಕಿದಂತೆ ಕೂತುಬಿಡುತ್ತವೆ. ಇದು ಎಷ್ಟು ಸಣ್ಣದು ಅಂದರೆ ಕಣ್ಣಿಗೆ ಕಾಣುವುದಿಲ್ಲ. ಹೆಸರು ಮೈಕ್ರೋಕಾಮಿಡೋನ್. ವಾರಗಟ್ಟಲೆ ಒಳಗೇ ಬೆಳೆದು, ಬಾಯಿ ಮುಚ್ಚಿದ್ದರೆ ವೈಟ್‌ಹೆಡ್, ತೆರೆದಿದ್ದರೆ ಬ್ಲ್ಯಾಕ್‌ಹೆಡ್ ಆಗುತ್ತದೆ. ಬ್ಲ್ಯಾಕ್‌ಹೆಡ್ಡಿನ ಕಪ್ಪು ಕೊಳೆಯಲ್ಲ, ಚರ್ಮದ್ದೇ ಮೆಲನಿನ್ ಮತ್ತು ಗಾಳಿ ತಾಗಿದ ಜಿಡ್ಡು. ಎಷ್ಟು ಉಜ್ಜಿದರೂ ಹೋಗದಿರುವುದು ಅದಕ್ಕೇ. ಒಳಗೆ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನೋ ಬ್ಯಾಕ್ಟೀರಿಯಾ ಹೆಚ್ಚಿ, ದೇಹ ಅದಕ್ಕೆ ತಿರುಗಿಬಿದ್ದಾಗ ಕೆಂಪು, ಊತ, ಕೀವು. ಇವತ್ತು ಮೂಗಿನ ಮೇಲೆ ಮೂಡಿದ ಮೊಡವೆ ಶುರುವಾಗಿ ಎಷ್ಟೋ ವಾರಗಳಾಗಿರುತ್ತವೆ ಅಂತಾಯಿತು, ಅಲ್ವಾ?

ರೆಟಿನಾಯ್ಡ್ ನೇರವಾಗಿ ಜೀವಕೋಶದ ಕೇಂದ್ರಕ್ಕೆ ಹೋಗಿ, ಅಲ್ಲಿನ ರಿಸೆಪ್ಟರುಗಳಿಗೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನುಗಳಿಗೆ, ಅಂಟಿಕೊಂಡು, ಯಾವ ಜೀನ್ ಕೆಲಸ ಮಾಡಬೇಕು ಯಾವುದು ಸುಮ್ಮನಿರಬೇಕು ಅನ್ನುವುದನ್ನೇ ಬದಲಿಸುತ್ತದೆ. ಕೋಶಗಳು ಅಂಟಿಕೊಳ್ಳುವುದು ಕಡಿಮೆಯಾಗಿ, ಮುಚ್ಚಿದ ಕೊಳವೆ ತೆರೆದುಕೊಳ್ಳುತ್ತದೆ, ಹೊಸದು ಕಟ್ಟುವುದಿಲ್ಲ. ಉರಿಯೂತವನ್ನೂ ಸ್ವಲ್ಪ ತಗ್ಗಿಸುತ್ತದೆ. ತಮಾಷೆ ಏನಂದರೆ, ಟ್ರೆಟಿನಾಯಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ, ಆ ರಿಸೆಪ್ಟರುಗಳು ವಿಜ್ಞಾನಿಗಳ ಕೈಗೆ ಸಿಕ್ಕಿದ್ದು 1987ರಲ್ಲಿ. ಹೇಗೆ ಅಂತ ಸರಿಯಾಗಿ ಗೊತ್ತಾಗುವ ಮೊದಲೇ ಹದಿನಾರು ವರ್ಷ ಜನ ಹಚ್ಚಿಕೊಂಡಿದ್ದರು.

ಮೊಡವೆಗೆ ಟ್ರೆಟಿನಾಯಿನ್ ಬಳಕೆಗೆ ತಂದವರಲ್ಲಿ ದೊಡ್ಡ ಹೆಸರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್. ಚರ್ಮದ ಪಾಠಗಳಲ್ಲಿ ಇವರ ಹೆಸರನ್ನು ಗೌರವದಿಂದ ಹೇಳುತ್ತಾರೆ. ಇನ್ನೊಂದನ್ನೂ ಹೇಳಬೇಕು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಇವರು ಎರಡು ದಶಕ ಕೈದಿಗಳ ಚರ್ಮದ ಮೇಲೆ ನಾನಾ ಪ್ರಯೋಗ ನಡೆಸಿದರು. ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಆ ನಗರ 2022ರಲ್ಲಿ ಇದಕ್ಕೆ ಅಧಿಕೃತವಾಗಿ ಕ್ಷಮೆ ಕೇಳಿತು. ಔಷಧ ಒಳ್ಳೆಯದು ಅನ್ನುವುದರಿಂದ ಈ ಕಥೆ ಮಾಸುವುದಿಲ್ಲ.

ಈಗ ಹಚ್ಚುವ ವಿಷಯಕ್ಕೆ ಬರೋಣ. ಮೊಡವೆ ಬರುವ ಜಾಗಕ್ಕೆಲ್ಲ, ಅಂದರೆ ಸಾಮಾನ್ಯವಾಗಿ ಇಡೀ ಮುಖಕ್ಕೆ, ರಾತ್ರಿ ಹೊತ್ತು, ಬಟಾಣಿ ಕಾಳಿನಷ್ಟು. ಜಾಸ್ತಿ ಹಚ್ಚಿದರೆ ಬೇಗ ಗುಣವಾಗಲ್ಲ, ಉರಿ ಮಾತ್ರ ಜಾಸ್ತಿ. ಮುಖ ತೊಳೆದು ಪೂರ್ತಿ ಒಣಗಲು ಬಿಡಿ. ಕಣ್ಣಿನ ಸುತ್ತ, ತುಟಿ, ಮೂಗಿನ ಸಂದಿಗೆ ತಾಗಿಸಬೇಡಿ. ಮೊದಲ ಕೆಲವು ವಾರ ದಿನ ಬಿಟ್ಟು ದಿನ ಸಾಕು, ಸೂಕ್ಷ್ಮ ಚರ್ಮಕ್ಕೆ ವಾರಕ್ಕೆ ಎರಡು ಸಲವೂ ಆದೀತು. ಮಾಯಿಶ್ಚರೈಸರ್ ಮೊದಲು ಹಚ್ಚಿದರೂ ಸರಿ, ಆಮೇಲೆ ಹಚ್ಚಿದರೂ ಸರಿ, ಬಿಡಬೇಡಿ. ನಿಂಬೆರಸ, ಸ್ಕ್ರಬ್, ಟೂತ್‌ಪೇಸ್ಟ್ ಎಲ್ಲ ಬದಿಗಿಡಿ. ಪಾರ್ಲರಿನಲ್ಲಿ ಮುಖಕ್ಕೆ ವ್ಯಾಕ್ಸ್ ಮಾಡಿಸುವವರು ಕ್ರೀಮಿನ ವಿಷಯ ಮೊದಲೇ ಹೇಳಬೇಕು, ಇಲ್ಲದಿದ್ದರೆ ಕೂದಲಿನ ಜೊತೆ ಚರ್ಮವೂ ಕಿತ್ತು ಬರಬಹುದು. ಹಗಲು ಸನ್‌ಸ್ಕ್ರೀನ್.

ನಮ್ಮ ಕಂದು ಚರ್ಮಕ್ಕೆ ಈ ನಿಧಾನ ಇನ್ನೂ ಮುಖ್ಯ. ನಮ್ಮಲ್ಲಿ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ರೆಟಿನಾಯ್ಡ್ ಆ ಕಲೆ ತಿಳಿಯಾಗಲೂ ನೆರವಾಗುತ್ತದೆ ಅನ್ನುವುದು ನಿಜ, ಆದರೆ ಅವಸರ ಮಾಡಿ ಮುಖ ಉರಿಸಿಕೊಂಡರೆ ಆ ಉರಿಯೇ ಹೊಸ ಕಲೆ ಬಿಡುತ್ತದೆ. ಸುಲಿಯುವುದು, ಕೆಂಪಾಗುವುದು ಮೊದಲ ವಾರಗಳಲ್ಲೇ ಬರುತ್ತದೆ. ಫಲ ಸರಿಯಾಗಿ ಕಾಣಲು 8ರಿಂದ 12 ವಾರ ಬೇಕು. ಕಷ್ಟ ಮೊದಲು, ಲಾಭ ಆಮೇಲೆ. ಜನ ಬಿಡುವುದು ನಡುವೆ.

ಬಿಟ್ಟವರು ಹೋಗುವುದು ಎಲ್ಲಿಗೆ? ನನಗೆ ಸಿಟ್ಟು ಬರುವುದು ಇಲ್ಲಿ. ಪಕ್ಕದ ಮನೆಯವರೋ ಮೆಡಿಕಲ್ ಶಾಪಿನವರೋ "ಇದು ಹಚ್ಚಿ, ಎರಡೇ ದಿನಕ್ಕೆ ಹೋಗುತ್ತೆ, ಬೆಳ್ಳಗೂ ಆಗ್ತೀರಿ" ಅಂತ ಒಂದು ಟ್ಯೂಬ್ ಕೊಡುತ್ತಾರೆ. ಎಷ್ಟೋ ಸಲ ಅದರಲ್ಲೂ ಟ್ರೆಟಿನಾಯಿನ್ ಇರುತ್ತದೆ, ಜೊತೆಗೆ ಚರ್ಮದ ಬಣ್ಣ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಮತ್ತು ಒಂದು ಸ್ಟೀರಾಯ್ಡ್. ಈ ಮೂರರ ಮಿಶ್ರಣವನ್ನು 1975ರಲ್ಲಿ ಮುಂದಿಟ್ಟವರಲ್ಲೂ ಇದೇ ಕ್ಲಿಗ್‌ಮನ್ ಇದ್ದರು, ಕಪ್ಪು ಕಲೆಗಳಿಗೆ ಅಂತ. ಡಾಕ್ಟರ ಕಣ್ಣಳತೆಯಲ್ಲಿ ಬಂಗಿಗೆ, ಅಂದರೆ ಮುಖದ ಕಂದು ಮಚ್ಚೆಗೆ, ಕೆಲವು ವಾರ ಹಚ್ಚುವ ಇಂಥ ಮದ್ದನ್ನು ನಮ್ಮಲ್ಲಿ ಫೇರ್‌ನೆಸ್ ಕ್ರೀಮಿನಂತೆ ವರ್ಷಗಟ್ಟಲೆ ಹಚ್ಚುತ್ತಾರೆ. ಸ್ಟೀರಾಯ್ಡ್ ಕೆಂಪು, ಊತ ತಕ್ಷಣ ಇಳಿಸುವುದರಿಂದ ಪವಾಡದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಎದ್ದು ಕಾಣುತ್ತವೆ, ಮುಖದಲ್ಲಿ ಕೂದಲು ಹೆಚ್ಚುತ್ತದೆ, ಮೊಡವೆಯೂ ದಂಡಿಯಾಗಿ ವಾಪಸ್ ಬರುತ್ತದೆ, ಬಿಡಲು ಹೋದರೆ ಮುಖ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳಿಗೆ ಡಾಕ್ಟರ ಚೀಟಿ ಕಡ್ಡಾಯ ಮಾಡಿತು. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತ ಇದ್ದರೆ ಮೊಡವೆಗೆ ಅದು ಬೇಡ. ಈಗಾಗಲೇ ತುಂಬಾ ದಿನದಿಂದ ಹಚ್ಚುತ್ತಿದ್ದರೆ ಹೇಗೆ ಬಿಡಬೇಕು ಅಂತ ಚರ್ಮದ ಡಾಕ್ಟರನ್ನೇ ಕೇಳಿ.

ಕೆಂಪು ಮೊಡವೆ ಜಾಸ್ತಿ ಇದ್ದರೆ ಡಾಕ್ಟರು ಬೆಂಜಾಯಿಲ್ ಪೆರಾಕ್ಸೈಡ್ ಸೇರಿಸುತ್ತಾರೆ. ಅಡಾಪಲಿನ್ ಅದರ ಜೊತೆ ಹೊಂದಿಕೊಳ್ಳುತ್ತದೆ, ಹಳೆಯ ಟ್ರೆಟಿನಾಯಿನ್ ಕ್ರೀಮು ಅದರಿಂದಲೂ ಬೆಳಕಿನಿಂದಲೂ ಕೆಡುತ್ತದೆ. ಮುಖ ತಿಳಿಯಾದ ಮೇಲೂ ರೆಟಿನಾಯ್ಡ್ ಮುಂದುವರಿಸಲು ಹೇಳುವುದು ಉಂಟು, ಏಕೆಂದರೆ ಕಾಣದ ಆ ಅಡಚಣೆ ಮತ್ತೆ ಕಟ್ಟುತ್ತಲೇ ಇರುತ್ತದೆ. ಹಳ್ಳ ಬಿದ್ದ ಕಲೆಗಳಿಗೆ ಮಾತ್ರ ಬರೀ ಕ್ರೀಮಿನಿಂದ ದೊಡ್ಡ ಉಪಯೋಗ ನಿರೀಕ್ಷಿಸಬೇಡಿ.

ಗರ್ಭಿಣಿಯರು, ಮಗು ಮಾಡಿಕೊಳ್ಳುವ ಯೋಚನೆ ಇರುವವರು ರೆಟಿನಾಯ್ಡ್ ಹಚ್ಚಬಾರದು. ಇದೇ ಗುಂಪಿನ ಐಸೊಟ್ರೆಟಿನಾಯಿನ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಗಂಭೀರ ಅಂಗದೋಷ ತರುತ್ತದೆ. ಕ್ರೀಮಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ, ಆದರೂ ಮೊಡವೆಗಾಗಿ ಆ ಅಪಾಯ ಯಾಕೆ? ಮುಟ್ಟು ತಪ್ಪಿದೆ ಅನ್ನಿಸಿದ ದಿನವೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.