ಪಿಕಪ್‌ನಲ್ಲಿ ಪಿಕಪ್ ಇಲ್ಲ: ಏರ್‌ಫ್ಲೋ ಸೆನ್ಸರ್ ಬದಲಿಸಲೇ?

ಪ್ರಶ್ನೆ: ಮಲ್ಪೆಯಿಂದ ತೀರ್ಥಹಳ್ಳಿಗೆ ಮೀನು ಸಾಗಿಸುವ ಡೀಸೆಲ್ ಪಿಕಪ್ ನಮ್ಮದು, 2.5 ಲೀಟರ್ ಎಂಜಿನ್. ಮಳೆಗಾಲದ ರಜೆ ಮುಗಿಸಿ ಆಗಸ್ಟ್‌ನಲ್ಲಿ ಹೊರಟಾಗಿನಿಂದ, ಸೋಮೇಶ್ವರ ದಾಟಿ ಘಾಟಿ ಶುರುವಾದರೆ ಗಾಡಿ ಎಳೆಯುವುದೇ ಇಲ್ಲ. ಎಂಜಿನ್ ದೀಪವೂ ಉರಿಯುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಪಿ0101 ಎಂದು ತೋರಿಸಿ, ಏರ್‌ಫ್ಲೋ ಸೆನ್ಸರ್ ಹೋಗಿದೆ ಎಂದರು. ಬದಲಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಪಿ0101 ಎಂಬ ಸಂಕೇತ ಸೆನ್ಸರ್ ಸತ್ತಿದೆ ಎಂದು ಹೇಳುವುದಿಲ್ಲ. ಎಂಜಿನ್ನಿಗೆ ಹೋಗುವ ಗಾಳಿಯ ಬಗ್ಗೆ ಸೆನ್ಸರ್ ಕೊಡುತ್ತಿರುವ ಲೆಕ್ಕವೂ ತಾನು ಹಾಕಿದ ಲೆಕ್ಕವೂ ತಾಳೆಯಾಗುತ್ತಿಲ್ಲ ಎಂದಷ್ಟೇ ಎಂಜಿನ್ನಿನ ಕಂಪ್ಯೂಟರ್ ದೂರುತ್ತಿದೆ. ತಂತಿ ತುಂಡಾಗಿದ್ದರೆ ಅಥವಾ ಸೆನ್ಸರ್ ಒಳಗೇ ಸುಟ್ಟಿದ್ದರೆ ಸಾಮಾನ್ಯವಾಗಿ ಬರುವುದು ಪಿ0102 ಇಲ್ಲವೇ ಪಿ0103. ನಿಮಗೆ ಅವೆರಡೂ ಬಂದಿಲ್ಲ ಎನ್ನುವುದೇ ಒಂದು ಸುಳಿವು. ಎಂಜಿನ್ನಿಗೆ ನಿಜವಾಗಿಯೂ ಗಾಳಿ ಕಡಿಮೆ ಬರುತ್ತಿದ್ದು, ಸೆನ್ಸರ್ ಅದನ್ನು ಪ್ರಾಮಾಣಿಕವಾಗಿ ಹೇಳುತ್ತಿರಲೂಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಮೊದಲು, ಜ್ವರ ಯಾರಿಗೆ ಎಂದು ನೋಡೋಣ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಮಳೆಗಾಲದ ರಜೆ’ ಎಂಬಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೋಟುಗಳ ಜೊತೆ ಅವುಗಳನ್ನು ನಂಬಿದ ಗಾಡಿಗಳೂ ನಿಲ್ಲುತ್ತವೆ. ಎರಡು ತಿಂಗಳ ಕಡಲ ತೇವ, ಮೊದಲೇ ಅಂಟಿಕೊಂಡಿದ್ದ ಉಪ್ಪು, ಜೊತೆಗೆ ಇಲಿ. ಹಿಂದೊಮ್ಮೆ ಇಂಥದೇ ಗಾಡಿಯ ಏರ್ ಫಿಲ್ಟರ್ ಪೆಟ್ಟಿಗೆ ಬಿಚ್ಚಿದರೆ ಒಳಗೆ ತೆಂಗಿನ ನಾರಿನ ಅಚ್ಚುಕಟ್ಟಾದ ಗೂಡು! ಇಲಿ ಫಿಲ್ಟರಿನ ಕಾಗದವನ್ನೂ ಕೊರೆದಿತ್ತು. ಆ ತೂತಿನಿಂದ ನುಸುಳಿದ ಒಂದೇ ಒಂದು ನಾರು ಸೆನ್ಸರಿನ ಬಾಯಿಗೆ ಅಡ್ಡವಾಗಿ ಕೂತಿತ್ತು. ಮಾಲೀಕರು ಅಷ್ಟರಲ್ಲಿ ಹೊಸ ಸೆನ್ಸರನ್ನು ಕೊಂಡೇ ತಂದಿದ್ದರು.

ಈ ಸೆನ್ಸರ್ ಇರುವುದು ಏರ್ ಫಿಲ್ಟರ್ ಪೆಟ್ಟಿಗೆಯಿಂದ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಟರ್ಬೊ ಕಡೆಗೆ ಹೋಗುವ ಕೊಳವೆಯಲ್ಲಿ. ಒಳಗೊಂದು ಸಣ್ಣ ಬಿಸಿ ಫಿಲ್ಮ್. ಬಿಸಿ ಗಂಜಿಯನ್ನು ಜೋರಾಗಿ ಊದಿದಷ್ಟೂ ಬೇಗ ಆರುತ್ತದಲ್ಲ, ಹಾಗೆಯೇ ಗಾಳಿ ಹೆಚ್ಚು ಹರಿದಷ್ಟೂ ಫಿಲ್ಮ್ ಹೆಚ್ಚು ತಣಿಯುತ್ತದೆ. ಅದನ್ನು ಮತ್ತೆ ಬಿಸಿಯಾಗಿಡಲು ಎಷ್ಟು ಕರೆಂಟು ಬೇಕಾಯಿತು ಎಂಬುದರಿಂದ ಗಾಳಿಯ ತೂಕ ತಿಳಿಯುತ್ತದೆ. ಅಳೆಯುವುದು ತೂಕವನ್ನು, ಗಾತ್ರವನ್ನಲ್ಲ. ಹಾಗಾಗಿ 600 ಮೀಟರಿಗೂ ಎತ್ತರದ ಆಗುಂಬೆಯಲ್ಲಿ ಗಾಳಿ ತೆಳುವಾದರೂ ಲೆಕ್ಕ ತಪ್ಪುವುದಿಲ್ಲ. ಡೀಸೆಲ್ ಎಂಜಿನ್ ಈ ಲೆಕ್ಕವನ್ನು ಎರಡು ಕಡೆ ಬಳಸುತ್ತದೆ. ಕಪ್ಪು ಹೊಗೆ ಬಾರದಂತೆ ಎಷ್ಟು ಡೀಸೆಲ್ ಬಿಡಬಹುದು ಎಂಬ ಮಿತಿಗೆ, ಮತ್ತು ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇ.ಜಿ.ಆರ್. ವಾಲ್ವನ್ನು ಎಷ್ಟು ತೆರೆಯಬೇಕು ಎಂಬುದಕ್ಕೆ. ಸೆನ್ಸರ್ ಕಡಿಮೆ ತೋರಿಸಿದರೆ ಡೀಸೆಲ್ ಕಡಿತವಾಗಿ ಗಾಡಿ ಸೊರಗುತ್ತದೆ. ಹೆಚ್ಚು ತೋರಿಸಿದರೆ ಇ.ಜಿ.ಆರ್. ಅತಿಯಾಗಿ ತೆರೆದು ಹೊಗೆ ಕಪ್ಪಾಗುತ್ತದೆ.

ಮೊದಲು ಕೈಯಲ್ಲೇ ಆಗುವ ಪರೀಕ್ಷೆಗಳು. ಫಿಲ್ಟರ್ ಪೆಟ್ಟಿಗೆ ಬಿಚ್ಚಿ ನೋಡಿ. ಸೆನ್ಸರಿನ ಸಾಕೆಟ್ ಕಳಚಿ ಪಿನ್ನುಗಳ ಮೇಲೆ ಹಸಿರು ಕಿಲುಬು ಇದೆಯೇ ನೋಡಿ. ಮೀನಿನ ಗಾಡಿಗಳಲ್ಲಿ ಇದು ಮಾಮೂಲು. ಸೆನ್ಸರಿನಿಂದ ಟರ್ಬೊವರೆಗಿನ ರಬ್ಬರ್ ಕೊಳವೆಯನ್ನು ಬಗ್ಗಿಸಿ ನೋಡಿ, ಬಿರುಕು ಮಡಿಕೆಯೊಳಗೇ ಅಡಗಿರುತ್ತದೆ. ಇಲ್ಲಿ ತೂತಿದ್ದರೆ ಗಾಳಿ ಸೆನ್ಸರಿನ ಕಣ್ಣು ತಪ್ಪಿಸಿ ಒಳನುಗ್ಗುತ್ತದೆ, ಲೆಕ್ಕ ಕಡಿಮೆ ಬರುತ್ತದೆ. ಟರ್ಬೊದಿಂದ ಮುಂದಕ್ಕೆ, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕಡೆಯ ಪೈಪಿನಲ್ಲಿ ತೂತಿದ್ದರೆ ತಿರುಗುಮುರುಗು: ಅಳೆದ ಗಾಳಿ ಹೊರಗೆ ಸೋರಿ ಹೋಗುತ್ತದೆ, ಏರುವಾಗ ಬುಸ್ಸೆಂಬ ಸದ್ದು ಮತ್ತು ಕಪ್ಪು ಹೊಗೆ. ಕೊಳವೆಯ ಜೋಡಣೆಯಲ್ಲಿ ಎಣ್ಣೆಯ ಹೊಸ ಜಿಡ್ಡು ಕಂಡರೆ ಅಲ್ಲಿನ ಕ್ಲಾಂಪನ್ನೇ ಮೊದಲು ಅನುಮಾನಿಸಿ.

ಇನ್ನು ಸ್ಕ್ಯಾನರ್. ಸಂಕೇತ ಓದಿ ಸ್ಕ್ಯಾನರ್ ಮಡಚಿಡುವುದು ನನಗೆ ಸಿಟ್ಟು ಬರಿಸುವ ಅಭ್ಯಾಸ, ಏಕೆಂದರೆ ಅದರ ಅಸಲಿ ಉಪಯೋಗ ಚಾಲನೆಯಲ್ಲಿರುವ ಎಂಜಿನ್ನಿನ ರೀಡಿಂಗ್ ನೋಡುವುದರಲ್ಲಿದೆ. ಲೆಕ್ಕ ಕಷ್ಟವೇನಲ್ಲ. ನಾಲ್ಕು ಸಿಲಿಂಡರಿನ ನಿಮ್ಮ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ 0.625 ಲೀಟರ್. ಒಂದು ಸುತ್ತಿಗೆ ಎರಡು ಸಿಲಿಂಡರ್ ಗಾಳಿ ಹೀರುತ್ತವೆ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ನಿಮಿಷಕ್ಕೆ 800 ಸುತ್ತು ಎಂದರೆ 1,000 ಲೀಟರ್ ಗಾಳಿ. ನಮ್ಮ ಕರಾವಳಿಯ ಸೆಕೆಯಲ್ಲಿ ಲೀಟರಿಗೆ ಸುಮಾರು 1.15 ಗ್ರಾಂ, ಅಂದರೆ ಸೆಕೆಂಡಿಗೆ 19 ಗ್ರಾಂ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲವಾದ್ದರಿಂದ 15, 16 ಗ್ರಾಂ ಬಂದರೆ ಸರಿ.

ಆದರೆ ಇದು ಇ.ಜಿ.ಆರ್. ಮುಚ್ಚಿದ್ದಾಗಿನ ಮಾತು. ಅದು ತೆರೆದಿದ್ದರೆ ಹೊಗೆ ಗಾಳಿಯ ಜಾಗವನ್ನು ಆಕ್ರಮಿಸಿ ರೀಡಿಂಗ್ ಅರ್ಧಕ್ಕೂ ಇಳಿಯಬಹುದು. ಬಹಳಷ್ಟು ಸೆನ್ಸರುಗಳು ಅನ್ಯಾಯವಾಗಿ ಬಲಿಯಾಗುವುದು ಇಲ್ಲಿಯೇ: ಮಸಿ ಕಟ್ಟಿ ವಾಲ್ವ್ ಅರೆ ತೆರೆದು ನಿಂತಿರುತ್ತದೆ, ಬೈಗುಳ ಸೆನ್ಸರಿಗೆ. ಇ.ಜಿ.ಆರ್. ವಾಲ್ವಿನ ಸಾಕೆಟ್ ಕಳಚಿದರೆ, ವ್ಯಾಕ್ಯೂಮ್‌ನದಾದರೆ ಅದರ ಪೈಪ್ ಕಳಚಿದರೆ, ಹೆಚ್ಚಿನ ಗಾಡಿಗಳಲ್ಲಿ ಸ್ಪ್ರಿಂಗ್ ವಾಲ್ವನ್ನು ಮುಚ್ಚುತ್ತದೆ. ಆಗಲೂ ರೀಡಿಂಗ್ 8, 9ರಲ್ಲೇ ಇದ್ದರೆ ವಾಲ್ವನ್ನು ಬಿಚ್ಚಿ ನೋಡಿ. ಅದು ಬಿಗಿಯಾಗಿ ಮುಚ್ಚಿದ್ದು, ಫಿಲ್ಟರೂ ಕೊಳವೆಗಳೂ ಸರಿಯಿದ್ದರೆ ಮಾತ್ರ ಬೆರಳು ಸೆನ್ಸರಿನತ್ತ ತಿರುಗಲಿ.

‘ಸೆನ್ಸರಿನ ಸಾಕೆಟ್ ಕಿತ್ತು ಓಡಿಸಿ, ಗಾಡಿ ಚೆನ್ನಾಗಿ ಓಡಿದರೆ ಸೆನ್ಸರ್ ಹಾಳು’ ಎಂಬ ಸಲಹೆಯನ್ನು ನೀವೂ ಕೇಳಿರುತ್ತೀರಿ. ಡೀಸೆಲ್ ಗಾಡಿಯಲ್ಲಿ ಇದನ್ನೇ ನೆಚ್ಚಬೇಡಿ. ಸಾಕೆಟ್ ಕಿತ್ತರೆ ಹಲವು ಗಾಡಿಗಳಲ್ಲಿ ಕಂಪ್ಯೂಟರ್ ಇ.ಜಿ.ಆರ್. ಅನ್ನೂ ಮುಚ್ಚಿಸಿಬಿಡುತ್ತದೆ. ಎಳೆತ ಬಂದದ್ದು ಅದರಿಂದಲೂ ಇರಬಹುದು.

ಸೆನ್ಸರಿಗೆ ವಿದ್ಯುತ್ ತಲುಪುತ್ತಿದೆಯೇ ಎಂಬುದಕ್ಕೆ ಮಲ್ಟಿಮೀಟರ್ ಸಾಕು. ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ ನೋಡಿದರೆ ಒಂದು ತಂತಿಯಲ್ಲಿ ಬ್ಯಾಟರಿಯ 12 ವೋಲ್ಟ್ ಸಿಗಬೇಕು, ಅರ್ಥ್ ಗಟ್ಟಿಯಾಗಿರಬೇಕು. ವೋಲ್ಟೇಜಿನಲ್ಲೇ ಸುದ್ದಿ ಕಳಿಸುವ ಸೆನ್ಸರ್ ಆದರೆ ಸಾಕೆಟ್ ಜೋಡಿಸಿಯೇ ಸಿಗ್ನಲ್ ತಂತಿಯನ್ನು ನೋಡಿ: ಗಾಳಿ ನಿಂತಿರುವಾಗ ಸಾಮಾನ್ಯವಾಗಿ 1 ವೋಲ್ಟ್ ಆಸುಪಾಸು, ಎಂಜಿನ್ ಚಾಲೂ ಆಗಿ ಆಕ್ಸಿಲರೇಟರ್ ಒತ್ತಿದಂತೆ ಏರುತ್ತಾ ಹೋಗಬೇಕು. ಕೆಲವು ಸೆನ್ಸರುಗಳು ಫ್ರೀಕ್ವೆನ್ಸಿಯಲ್ಲಿ ಸುದ್ದಿ ಕಳಿಸುತ್ತವೆ, ಅವಕ್ಕೆ ಸ್ಕ್ಯಾನರೇ ಗತಿ.

ಸೆನ್ಸರಿನದೇ ತಪ್ಪೆಂದು ತೋರಿದರೂ ಮೊದಲು ತೊಳೆಯಿರಿ. ಏರ್‌ಫ್ಲೋ ಸೆನ್ಸರಿಗೆಂದೇ ಸ್ಪ್ರೇ ಸಿಗುತ್ತದೆ, ಅದೊಂದನ್ನೇ ಬಳಸಿ. ಕಾರ್ಬುರೇಟರ್ ಸ್ಪ್ರೇ ಬೇಡ, ಬಟ್ಟೆ, ಬ್ರಶ್ ಬೇಡವೇ ಬೇಡ, ಕಂಪ್ರೆಸರ್ ಗಾಳಿಯನ್ನಂತೂ ಹತ್ತಿರ ತರಬೇಡಿ. ಕೀ ಆಫ್ ಮಾಡಿ ದೂರದಿಂದ ಸಿಂಪಡಿಸಿ, ಪೂರ್ತಿ ಒಣಗಲು ಬಿಡಿ. ಕೂರಿಸುವಾಗ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಲಿ.

ಆಮೇಲೆ ಸಂಕೇತ ಅಳಿಸಿ, ಎಂದಿನ ಹೊರೆ ಹೇರಿಕೊಂಡೇ ಘಾಟಿ ಹತ್ತಿ. ಖಾಲಿ ಗಾಡಿ ಉಡುಪಿಯ ಕಲ್ಸಂಕದವರೆಗೆ ಹೋಗಿಬಂದರೆ ಏನೂ ತಿಳಿಯದು. ದೀಪ ಮತ್ತೆ ಉರಿದರೆ ಯಾವ ಸಂಕೇತ ಬಂತು, ಹತ್ತುವಾಗ ರೀಡಿಂಗ್ ಎಷ್ಟಿತ್ತು ಎಂದು ಪಕ್ಕದಲ್ಲಿ ಕೂತವರಿಂದ ಬರೆಸಿಕೊಂಡು ನನಗೆ ಕಳುಹಿಸಿ.