ನೆಗಡಿಯ ನೆಪದಲ್ಲಿ ತಪ್ಪುವ ಡೋಸು

ಮಗುವಿಗೆ ಲಸಿಕೆ ಬೇಡವೇ ಬೇಡ ಎಂದು ಹಟ ಹಿಡಿಯುವವರು ಕಡಿಮೆ. "ಮೂಗು ಸೋರ್ತಿದೆ ಡಾಕ್ಟ್ರೇ, ಮುಂದಿನ ತಿಂಗಳು ಹಾಕಿಸೋಣ" ಎನ್ನುವವರೇ ಹೆಚ್ಚು. ಎಳೆಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ. ಪ್ರತಿ ನೆಗಡಿಗೂ ಒಂದು ತಿಂಗಳು ಕಾಯುತ್ತ ಹೋದರೆ ಲಸಿಕೆಗೆ ದಿನ ಸಿಗುವುದಾದರೂ ಯಾವಾಗ?

ಎಷ್ಟು ಸಲ ಹೇಳಿದರೂ ಸಾಲದ ಮಾತಿದು: ನೆಗಡಿ, ಸಣ್ಣ ಕೆಮ್ಮು, ಲಘು ಭೇದಿ, ಮೈ ಸ್ವಲ್ಪ ಬಿಸಿ, ಅರ್ಧಕ್ಕೆ ಬಂದಿರುವ ಆಂಟಿಬಯೋಟಿಕ್ ಕೋರ್ಸು, ಇವು ಸಾಮಾನ್ಯವಾಗಿ ಲಸಿಕೆಗೆ ಅಡ್ಡಿಯಲ್ಲ. ಸೋತ ಮೈಗೆ ಲಸಿಕೆ ಭಾರವಾಗುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಮಗು ದಿನನಿತ್ಯ ಎದುರಿಸುವ ಸೂಕ್ಷ್ಮಜೀವಿಗಳ ಮುಂದೆ ಲಸಿಕೆಯ ಹೊರೆ ತೀರಾ ಅಲ್ಪ. ನೆಗಡಿಯ ನಡುವೆ ಹಾಕಿಸಿದರೆ ರಕ್ಷಣೆ ಕುಗ್ಗುವುದಿಲ್ಲ, ಅಡ್ಡಪರಿಣಾಮವೂ ಹೆಚ್ಚುವುದಿಲ್ಲ. ಹಾಲು ಬಿಟ್ಟು ಸುಸ್ತಾದ, ಉಸಿರಾಡಲು ಕಷ್ಟಪಡುವ ಮಗುವಿಗೆ ನಾವೇ ಮುಂದೂಡುತ್ತೇವೆ. ಕಾಯಿಲೆ ಜೋರಾದರೆ ಅದು ಲಸಿಕೆಯಿಂದಲೇ ಎಂಬ ಗೊಂದಲ ಬಾರದಿರಲಿ ಎನ್ನುವುದು ಅದಕ್ಕೊಂದು ಮುಖ್ಯ ಕಾರಣ. ಹಿಂದಿನ ಡೋಸಿಗೆ ತೀವ್ರ ಅಲರ್ಜಿಯಾಗಿದ್ದರೆ, ರೋಗನಿರೋಧಕ ಶಕ್ತಿ ಕುಂದಿಸುವ ಔಷಧ ನಡೆಯುತ್ತಿದ್ದರೆ ಮೊದಲೇ ತಿಳಿಸಲೇಬೇಕು.

ಎಷ್ಟೋ ಸಲ ನೆಗಡಿ ಬರೀ ನೆಪ. ಮೆಲ್ಲಗೆ ಕೇಳಿದರೆ, ಕಳೆದ ಸಲ ತೊಡೆ ಊದಿ ಮಗು ರಾತ್ರಿಯಿಡೀ ಅತ್ತ ಸಂಗತಿ ಹೊರಬರುತ್ತದೆ. ಆ ಭಯ ನಿಜವಾದದ್ದು, ಗದರಿದರೆ ಹೋಗುವುದಿಲ್ಲ. ಏನಾಗಬಹುದೆಂದು ಮೊದಲೇ ಹೇಳಿಬಿಡುವುದು ಮೇಲು: ನಾಯಿಕೆಮ್ಮು ಸೇರಿದ ಲಸಿಕೆಯ ಜ್ವರ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಬಂದು ಹೋಗುತ್ತದೆ. ದಡಾರ ಲಸಿಕೆಯದು ಒಂದು ವಾರದ ನಂತರ, 12ನೇ ದಿನದೊಳಗೆ ಕಾಣಿಸಬಹುದು. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ, ಜ್ವರ ಬಂದು ಮಗು ಕಿರಿಕಿರಿ ಮಾಡಿದರೆ ಮಾತ್ರ. ವೈದ್ಯರು ಹೇಳದೆ ಮುಂಚಿತವಾಗಿ ಕೊಡಬೇಡಿ. ಲಸಿಕೆಯಿಂದ ಆಟಿಸಂ (ಮಾತು, ಬೆರೆಯುವಿಕೆಯಲ್ಲಿ ತೊಡಕಿರುವ ಬೆಳವಣಿಗೆಯ ಸ್ಥಿತಿ) ಬರುತ್ತದೆಂಬ ಭಯವೂ ಇನ್ನೂ ಕಾಡುತ್ತಿದೆ. ಅದನ್ನು ಹಬ್ಬಿಸಿದ 1998ರ ಪ್ರಬಂಧ ಆಧರಿಸಿದ್ದು 12 ಮಕ್ಕಳನ್ನು. ಪ್ರಕಟಿಸಿದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು.

ನಾಯಿಕೆಮ್ಮು ಅತಿ ಹೆಚ್ಚು ಅಪಾಯ ತರುವುದು ಹುಟ್ಟಿದ ಮೊದಲ ಕೆಲವು ತಿಂಗಳಲ್ಲೇ. ಮುಂದೂಡುವವರು ಕಳೆಯುವುದು ಅದೇ ತಿಂಗಳುಗಳನ್ನು ಎಂಬುದೇ ನನ್ನ ಸಂಕಟ.

ಡೋಸು ತಪ್ಪಿಹೋಗಿದ್ದರೆ, ಬೈಸಿಕೊಳ್ಳಬೇಕಾದೀತೆಂದು ದೂರ ಉಳಿಯಬೇಡಿ, ಕಾರ್ಡ್ ಹಿಡಿದು ಬನ್ನಿ. ಮೊದಲಿನಿಂದ ಶುರು ಮಾಡಬೇಕಿಲ್ಲ. ಹೆಚ್ಚಿನ ಲಸಿಕೆಗಳನ್ನು ನಿಂತಲ್ಲಿಂದಲೇ ಮುಂದುವರಿಸಬಹುದು. ಭೇದಿ ತಡೆಯುವ ರೋಟಾವೈರಸ್ ಹನಿಯಂಥ ಕೆಲವಕ್ಕೆ ವಯಸ್ಸಿನ ಮಿತಿಯಿದೆ, ಅವುಗಳ ವಿಷಯ ಮೊದಲು ಕೇಳಿ.