ಇಲಸ್ಟ್ರೇಟರ್‌ಗೆ ಏನಿಷ್ಟ ಅಂತ ಚಿತ್ರದಲ್ಲಿ ಹುಡುಕೋದು ಹೇಗೆ: ಕಂಪೋಸಿಷನ್, ಬಣ್ಣ, ಟೆಕ್ಸ್ಚರ್ ನೋಟ್ಸ್

ಇಲಸ್ಟ್ರೇಟರ್, ಅಂದ್ರೆ ಪುಸ್ತಕಕ್ಕೆ ಚಿತ್ರ ಬರೆಯೋರು, ಅವರಿಗೆ ಏನಿಷ್ಟ ಅಂತ ಚಿತ್ರ ನೋಡಿ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ರೆ, ಪ್ರಾಣಿ ಇಷ್ಟ ಇರೋರು ಪ್ರಾಣಿ ಬರೀತಾರೆ, ಬೆಟ್ಟ ಇಷ್ಟ ಇರೋರು ಬೆಟ್ಟ ಬರೀತಾರೆ ಅಂತ ಉತ್ತರ ಬರೆದು ಮುಗಿಸ್ಬೇಡಿ ಫ್ರೆಂಡ್ಸ್, ಯಾಕಂದ್ರೆ ಆರ್ಡರ್ ಬಂತು ಅಂತ ಯಾರು ಬೇಕಾದ್ರೂ ಮೊಲ ಬರೀಬಹುದು. ಆಸಕ್ತಿ ನಿಜವಾಗ್ಲೂ ಕಾಣ್ಸೋದು ನೋಡೋ ಕಣ್ಣು ಎಲ್ಲಿ ನಿಂತಿದೆ, ಯಾವ ಬಣ್ಣಕ್ಕೆ ಜಾಗ ಬಿಟ್ಟಿದಾರೆ, ಯಾವ ಭಾಗಕ್ಕೆ ಟೈಮ್ ಸುರಿದಿದಾರೆ ಅನ್ನೋದ್ರಲ್ಲಿ.

ಮೊದ್ಲು ಕಂಪೋಸಿಷನ್, ಅಂದ್ರೆ ಚಿತ್ರದಲ್ಲಿ ಯಾವ್ದನ್ನ ಎಲ್ಲಿ, ಯಾವ ಕೋನದಿಂದ ಇಡೋದು ಅನ್ನೋದು. ಇದಕ್ಕೆ ಇಂಗ್ಲೆಂಡಿನ ಬರಹಗಾರ್ತಿ, ಚಿತ್ರಕಾರ್ತಿ ಬಿಯಾಟ್ರಿಕ್ಸ್ ಪಾಟರ್‌ಗಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ. ಮಕ್ಕಳ ಪುಸ್ತಕಕ್ಕೆ ಬರೋ ಮುಂಚೆ ಈಕೆ ಅಣಬೆಗಳನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿ ನೋಡಿ ಬಿಡಿಸ್ತಿದ್ರು, ಅಣಬೆ ಬೀಜಕಗಳು ಹೇಗೆ ಮೊಳೆಯುತ್ತೆ ಅನ್ನೋದ್ರ ಮೇಲೆ ಬರೆದ ಪ್ರಬಂಧ 1897ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಅನ್ನೋ ವಿಜ್ಞಾನಿಗಳ ಸಂಘದ ಮುಂದೆ ಬಂತು, ಆಗ ಅಲ್ಲಿ ಸಭೆಗೆ ಹೆಂಗಸರನ್ನ ಬಿಡ್ತಾನೇ ಇರ್ಲಿಲ್ಲ. 1902ರ ಪೀಟರ್ ಮೊಲದ ಪುಸ್ತಕ ತೆಗೆದು ನೋಡಿ, ಎಷ್ಟೋ ಚಿತ್ರದಲ್ಲಿ ನಮ್ಮ ಕಣ್ಣು ನೆಲದ ಹತ್ರಾನೇ ಇರುತ್ತೆ, ಮೊಲದ ಎತ್ತರದಲ್ಲಿ, ಅದಕ್ಕೇ ತೋಟದ ಗಿಡಗಳು ಅಷ್ಟು ದೊಡ್ಡದಾಗಿ ಕಾಣ್ಸೋದು. ಸುತ್ತ ಬಾರ್ಡರ್ ಇಲ್ಲ, ಬಿಳಿ ಜಾಗದಲ್ಲಿ ಚಿತ್ರ ಹಾಗೇ ಕರಗುತ್ತೆ, ಹಾಗಾಗಿ ನೋಟ ಆ ಒಂದು ಪ್ರಾಣಿ ಬಿಟ್ಟು ಬೇರೆ ಕಡೆ ಹೋಗಲ್ಲ. ನೀಲಿ ಕೋಟು ಹಾಕಿದ್ರೂ ಒಳಗಿನ ಮೈಕಟ್ಟು ಅಪ್ಪಟ ಮೊಲದ್ದೇ, ಕೋಟು ಬೂಟು ಕಳಕೊಂಡ ತಕ್ಷಣ ನಾಲ್ಕು ಕಾಲಲ್ಲಿ ಓಡೋ ಸಾದಾ ಮೊಲ ಆಗ್ಬಿಡುತ್ತೆ. ಪ್ರಾಣಿಯನ್ನ ವರ್ಷಗಟ್ಟಲೆ ಗಮನಿಸಿದ ಕೈಗೆ ಮಾತ್ರ ಇದು ಸಾಧ್ಯ ಅಂತ ನನ್ನ ಅಭಿಪ್ರಾಯ.

ಬಣ್ಣದ ಬಗ್ಗೆ ಜಾಸ್ತಿ ಹೇಳಲ್ಲ, ಜಪಾನಿನ ಚಿತ್ರಕಾರ ಹೊಕುಸಾಯ್ ಒಬ್ಬರು ಸಾಕು. ಫ್ಯೂಜಿ ಪರ್ವತದ ಹುಚ್ಚು ಎಷ್ಟಿತ್ತು ಅಂದ್ರೆ ‘36 ನೋಟಗಳು’ ಅಂತ ಹೆಸರಿಟ್ಟ ಸರಣಿ 46 ಚಿತ್ರಕ್ಕೆ ಹೋಯ್ತು. ಹೊರಗಿಂದ ಬರ್ತಿದ್ದ ಪ್ರಷ್ಯನ್ ಬ್ಲೂ ಅನ್ನೋ ಕಡು ನೀಲಿ ಬಣ್ಣಾನ ಅದ್ರಲ್ಲಿ ಧಾರಾಳವಾಗಿ ಬಳಸಿದಾರೆ. ಆ ಫೇಮಸ್ ಅಲೆಯ ಚಿತ್ರದಲ್ಲಿ ಫ್ಯೂಜಿ ಚಿಕ್ಕದಾಗಿ ಹಿಂದೆ ಕೂತಿದೆ, ಆದ್ರೆ ಅಲೆಗಿರೋ ನೀಲಿ ಬಿಳಿನೇ ಅದಕ್ಕೂ ಇದೆ, ಕಣ್ಣು ತಾನಾಗೇ ಅಲ್ಲಿಗೆ ಇಳಿಯುತ್ತೆ.

ಟೆಕ್ಸ್ಚರ್ (ಮೇಲ್ಮೈಯಲ್ಲಿ ಕಾಣೋ ಒರಟು, ಗೆರೆ, ಗೀಚು) ಅಂದ್ರೆ ಮಕ್ಕಳ ಪುಸ್ತಕಗಳ ಚಿತ್ರಕಾರ ಎರಿಕ್ ಕಾರ್ಲ್. ಚಿಕ್ಕವರಿದ್ದಾಗ ಅವರಪ್ಪ ವಾಕಿಂಗ್ ಕರ್ಕೊಂಡು ಹೋಗಿ ಕಲ್ಲು ಎತ್ತಿ ಕೆಳಗಿರೋ ಹುಳ ತೋರಿಸ್ತಿದ್ರಂತೆ, ಆ ಪ್ರೀತಿ ಕೊನೆವರೆಗೂ ಉಳೀತು. ತೆಳು ಟಿಶ್ಯೂ ಪೇಪರ್ ಮೇಲೆ ಅಕ್ರಿಲಿಕ್ ಬಳಿದು, ಬ್ರಶ್ಶು, ಬೆರಳು, ಸ್ಪಂಜು, ಕಾರ್ಪೆಟ್ ಚೂರು ಹೀಗೆ ಸಿಕ್ಕಿದ್ರಲ್ಲೆಲ್ಲ ಗೆರೆ ಗುರುತು ಮೂಡಿಸಿ, ಒಣಗಿದ ಮೇಲೆ ಕತ್ತರಿಸಿ ಅಂಟಿಸ್ತಿದ್ರು. 1969ರ ಅವರ ಪುಸ್ತಕದ ಆ ಹಸಿದ ಕಂಬಳಿಹುಳುನ ಝೂಮ್ ಮಾಡಿ ನೋಡಿ, ಒಂದೇ ಹಸಿರು ಎಲ್ಲೂ ಇಲ್ಲ, ಪ್ರತಿ ತುಂಡಿಗೂ ಬೇರೆ ಗೀಚು. ಹಿನ್ನೆಲೆ ಮಾತ್ರ ಖಾಲಿ ಬಿಳಿ. ಅಂದ್ರೆ ಮೈಯೆಲ್ಲ ಟೆಕ್ಸ್ಚರ್ ಸಿಕ್ಕಿರೋದು ಹುಳಕ್ಕೆ, ನಾವು ಸಾಮಾನ್ಯವಾಗಿ ನೋಡ್ದೇ ದಾಟಿಹೋಗೋ ಜೀವಕ್ಕೆ!

ಒಂದು ವಿಷಯ ಬಿಡ್ಬಾರ್ದು, ಆಸಕ್ತಿ ಜೋರಾದ್ರೆ ಚಿತ್ರ ಸತ್ಯಾನ ಸ್ವಲ್ಪ ಬಗ್ಗಿಸುತ್ತೆ. ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕಲ್ 1899ರಿಂದ 1904ರವರೆಗೆ ತಂದ 100 ಪ್ಲೇಟುಗಳಲ್ಲಿ (ಪುಟದ ತುಂಬ ಅಚ್ಚಾದ ಚಿತ್ರಗಳಲ್ಲಿ) ಎಷ್ಟೋ ಸಮುದ್ರ ಜೀವಿಗಳು ಎಡಬಲ ಅಳೆದಿಟ್ಟ ಹಾಗೆ ಕೂತಿವೆ, ಸಮ್ಮಿತಿ ಅಂದ್ರೆ ಅವರಿಗೆ ಅಷ್ಟು ಪ್ರಾಣ. ನೋಡೋಕೆ ಅದ್ಭುತ, ಆದ್ರೆ ಕೈಗೆ ಸಿಗೋ ನಿಜವಾದ ಜೀವಿ ಅಷ್ಟು ಅಚ್ಚುಕಟ್ಟಾಗಿರಲ್ಲ. ವೈಜ್ಞಾನಿಕ ಇಲಸ್ಟ್ರೇಷನ್ ಕಲೀತಿರೋರು ಈ ಪ್ಲೇಟುಗಳನ್ನ ಅದೇ ಜೀವಿಯ ಫೋಟೋ ಪಕ್ಕದಲ್ಲಿಟ್ಟು ನೋಡಿ, ಎಲ್ಲೆಲ್ಲಿ ತಿದ್ದಿದಾರೆ ಅಂತ ಗುರುತು ಹಾಕ್ಕೊಳ್ಳಿ.